ಡೊಂಕು ಕತ್ತಿಯ ನೇರ ಗೆರೆ

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದರು ಇನ್ಸ್‌ಪೆಕ್ಟರ್, ನೆಗಡಿಯ ಮೂಗನ್ನು ಒರೆಸಿಕೊಳ್ಳುತ್ತ. "ಈಗ ನೀವು ಕತ್ತಿ ಡೊಂಕು ಅಂತಿದ್ದೀರಿ."

"ನೆಲ ನಿಜವಾಗ್ಲೂ ಡೊಂಕಿದ್ರೆ ಏನು ಹೇಳಬೇಕು ಸಾರ್?" ಎಂದಳು ಅಕ್ಕ. "ಚೀಲದಿಂದ ಆಚೆ ತೆಗೀರಿ. ತೋರಿಸ್ತೀನಿ."

ಇಬ್ಬರ ನಡುವೆ ಠಾಣೆಯ ಮೇಜಿತ್ತು. ಮೇಜಿನ ಮೇಲೆ ದಪ್ಪ ಗಾಜು, ಗಾಜಿನ ಮೇಲೆ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಕ್ಷೌರದ ಕತ್ತಿ. ಹೆಡ್‌ಮಾಸ್ತರ ಕತ್ತು ಕೊಯ್ದದ್ದು ಅದೇ. ಕತ್ತಿ ಅಕ್ಕನ ತಮ್ಮನ ಪೆಟ್ಟಿಗೆಯದು, ಹಾಗಾಗಿ ತಮ್ಮ ಲಾಕಪ್ಪಿನಲ್ಲಿದ್ದ. ನಾಳೆ ಕೋರ್ಟು. ನಾಳೆ ದಾಟಿದರೆ ಅವನು ಮತ್ತೆ ಯಾವಾಗ ಮನೆಯ ಹೊಸ್ತಿಲು ತುಳಿಯುತ್ತಾನೋ ಹೇಳುವವರಿರಲಿಲ್ಲ.

ಅಕ್ಕ ಎಂದರೆ ತಮ್ಮನೊಬ್ಬನಿಗೆ ಅಕ್ಕನಲ್ಲ, ಇಡೀ ಬೀದಿಗೇ ಅಕ್ಕ. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಕ್ಷೌರದಂಗಡಿಯ ಕುರ್ಚಿಯ ಹಿಂದೆ ನಿಂತವಳು. ಹೆಂಗಸಿನ ಕೈಗೆ ಗಲ್ಲ ಕೊಡುವುದೇ ಎಂದು ಮೊದಮೊದಲು ಮೂಗು ಮುರಿದ ಗಂಡಸರು ಈಗ ಬೆಂಚಿನ ಮೇಲೆ ಸಾಲಾಗಿ ಕೂತು ಕಾಯುತ್ತಾರೆ. ಗಲ್ಲಕ್ಕೆ ಗಂಡು ಹೆಣ್ಣೆಂಬ ಭೇದ ಗೊತ್ತಿಲ್ಲ, ಹರಿತ ಮೊಂಡೆಂಬ ಭೇದ ಚೆನ್ನಾಗಿ ಗೊತ್ತು.

ಇನ್ಸ್‌ಪೆಕ್ಟರ್ ಕರವಸ್ತ್ರದಲ್ಲಿ ಹಿಡಿದು ಕತ್ತಿಯನ್ನು ಹೊರತೆಗೆದರು. ಪರೀಕ್ಷೆಗಳೆಲ್ಲ ಮುಗಿದಿವೆ, ಆದರೂ ಅವಳು ಮುಟ್ಟುವಂತಿಲ್ಲ, ಏನು ಮಾಡಬೇಕೆಂದು ಹೇಳಿದರೆ ತಾವೇ ಮಾಡುವುದಾಗಿ ಹೇಳಿದರು. ಅಲಗನ್ನು ಗಾಜಿನ ಮೇಲೆ ಅಡ್ಡಡ್ಡ ಮಲಗಿಸಿ, ತುದಿಯನ್ನು ಬೆರಳಲ್ಲಿ ಮೆಲ್ಲಗೆ ಒತ್ತಲು ಅವಳು ಹೇಳಿದಳು. ಅವರು ಒತ್ತಿದರು.

ಟಕ್.

ಬುಡದ ಕಡೆ ಒತ್ತಿದರು. ಮತ್ತೆ ಟಕ್. ಕಾಲು ಸರಿಯಿಲ್ಲದ ಸ್ಟೂಲಿನ ಹಾಗೆ ಅಲಗು ಅತ್ತಿತ್ತ ವಾಲಿತು. ಮಗುಚಿ ಹಾಕಿ, ಬಗ್ಗಿ, ಕಿಟಕಿಯ ಕಡೆಗೆ ನೋಡಿದರೆ ಎರಡು ತುದಿಗಳೂ ಗಾಜಿಗೆ ಅಂಟಿದ್ದವು. ನಡುವೆ ಮಾತ್ರ ಒಂದು ಕೂದಲು ನುಸುಳುವಷ್ಟು ಬೆಳಕು.

"ಹೌದಲ್ಲ," ಎಂದರು ಇನ್ಸ್‌ಪೆಕ್ಟರ್.

ಅಪ್ಪನ ಗೆಳೆಯನಾದ ಕಮ್ಮಾರನೊಬ್ಬ ಮಾಡಿಕೊಟ್ಟ ಜೋಡಿ ಕತ್ತಿಗಳವು ಎಂದು ಅಕ್ಕ ವಿವರಿಸಿದಳು. ಕೆಂಪಗೆ ಕಾಸಿ ಎಣ್ಣೆಗೆ ಅದ್ದುವಾಗ ಎರಡೂ ಒಂದೇ ಕಡೆಗೆ ಬಾಗಿಬಿಟ್ಟವು. ಎಸೆದುಬಿಡು ಎಂದ ಕಮ್ಮಾರ. ಉಕ್ಕು ಒಳ್ಳೆಯದು, ಬುದ್ಧಿ ಮಾತ್ರ ಡೊಂಕು, ನಮ್ಮ ಮನೆಯಲ್ಲಿ ಅಂಥವರಿಗೇನೂ ಬರವಿಲ್ಲ ಎಂದು ಅಪ್ಪ ಎರಡನ್ನೂ ಮನೆಗೆ ತಂದ. ದೊಡ್ಡದಕ್ಕೆ ದೊಡ್ಡ ಡೊಂಕ, ಚಿಕ್ಕದಕ್ಕೆ ಚಿಕ್ಕ ಡೊಂಕ ಎಂದು ಹೆಸರಿಟ್ಟ. ಮೇಜಿನ ಮೇಲಿರುವುದು ದೊಡ್ಡ ಡೊಂಕ.

ಇಂಥ ಕತ್ತಿಯನ್ನು ಅಗಲವಾದ ಚಪ್ಪಟೆ ಕಲ್ಲಿನ ಮೇಲೆ ಎಲ್ಲರಂತೆ ಮಸೆದರೆ ಒಂದು ಮಗ್ಗುಲಲ್ಲಿ ಹೊಟ್ಟೆ ಮಾತ್ರ ಕಲ್ಲಿಗೆ ತಾಗುತ್ತದೆ, ಇನ್ನೊಂದು ಮಗ್ಗುಲಲ್ಲಿ ತುದಿಗಳು ಮಾತ್ರ. ಇದಕ್ಕೆ ಎರಡು ಬೆರಳಗಲದ ಸಣ್ಣ ಕಲ್ಲೇ ಬೇಕು. ಅಲಗನ್ನು ಓರೆಯಾಗಿ ಎಳೆಯಬೇಕು. ಎಳೆಯುತ್ತಲೇ ಮಣಿಕಟ್ಟನ್ನು ತೊಟ್ಟಿಲು ತೂಗಿದ ಹಾಗೆ ಒಂಚೂರು ಹೊರಳಿಸಬೇಕು. ಬುಡದಿಂದ ತುದಿಯವರೆಗೆ ಅಲಗಿನ ಒಂದೊಂದು ಭಾಗವೂ ಸರದಿಯ ಪ್ರಕಾರ ಕಲ್ಲನ್ನು ಮುಟ್ಟಿ ಹೋಗಬೇಕು. ಆಗ ಅಂಚಿನುದ್ದಕ್ಕೂ ಒಂದೇ ಅಗಲದ ಹೊಳೆಯುವ ಎಳೆ ಮೂಡುತ್ತದೆ. ಅಪ್ಪ ಅದನ್ನು 'ಗೆರೆ' ಅನ್ನುತ್ತಿದ್ದ.

"ಈಗ ಗೆರೆ ನೋಡಿ ಸಾರ್."

ಇನ್ಸ್‌ಪೆಕ್ಟರ್ ಡ್ರಾಯರಿನಿಂದ ಭೂತಗನ್ನಡಿ ತೆಗೆದು ನೋಡಿದರು. ಡೊಂಕು ಕತ್ತಿಯ ಅಂಚಿನಲ್ಲಿ ನೇರವಾದ ಗೆರೆ. ಎಲ್ಲೂ ದಪ್ಪವಲ್ಲ, ಎಲ್ಲೂ ತೆಳುವಲ್ಲ.

"ಇದು ನನ್ನ ತಮ್ಮನ ಕೈಯಲ್ಲಿ ಆಗೋ ಕೆಲಸ ಅಲ್ಲ. ಅವನಿಗೆ ಈ ಮಸೆಯೋದು ಯಾವತ್ತೂ ಬರಲಿಲ್ಲ. ಕಲಿಸಿ ಕಲಿಸಿ ಅಪ್ಪನಿಗೆ ಸಾಕಾಯ್ತು, ನನಗೂ ಸಾಕಾಯ್ತು."

ಅವನನ್ನೇ ಕರೆಸಿ ಮಸೆಯಲು ಹೇಳೋಣ ಎಂದರು ಇನ್ಸ್‌ಪೆಕ್ಟರ್. ಆ ಮಾತಿಗಾಗಿಯೇ ಕಾದಿದ್ದವಳಂತೆ ಅಕ್ಕ ಕೈಚೀಲದಿಂದ ಸಣ್ಣ ಕಲ್ಲು, ಚಪ್ಪಟೆ ಕಲ್ಲು ಎರಡನ್ನೂ ತೆಗೆದಿಟ್ಟಳು, ಅವುಗಳ ಪಕ್ಕದಲ್ಲಿ ಚಿಕ್ಕ ಡೊಂಕನನ್ನೂ ಇಟ್ಟಳು. ಠಾಣೆಗೆ ಕತ್ತಿ ಹಿಡಿದುಕೊಂಡು ಬಂದಿದ್ದೀರಾ ಎಂದು ಬಾಗಿಲಲ್ಲಿದ್ದ ಪೇದೆ ಗಾಬರಿಯಾದ. ಕ್ಷೌರದಂಗಡಿಯವಳು ಕತ್ತಿ ತರದೆ ಸೌಟು ತರಬೇಕಿತ್ತೇ ಎಂದು ಅಕ್ಕ ಕೇಳಿದಳು.

ತಮ್ಮನನ್ನು ಕರೆತಂದರು. ಕಣ್ಣು ಕೆಂಪಾಗಿತ್ತು, ಅಂಗಿ ಮುದ್ದೆಯಾಗಿತ್ತು. ಊರಿನ ಗಡ್ಡವನ್ನೆಲ್ಲ ತೆಗೆಯುವವನ ಮುಖದ ಮೇಲೆ ಗಡ್ಡ ಬೆಳೆದಿತ್ತು. ಅಕ್ಕನನ್ನು ಕಂಡವನೇ ಮೊದಲು ಕೇಳಿದ್ದು, "ಅಪ್ಪನಿಗೆ ಹೇಳಿದ್ಯಾ?"

"ಇಲ್ಲ. ನೀನು ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದೀಯ. ಮಾಸ್ತರು ಮಗಳ ಮನೆಗೆ ಹೋಗಿದ್ದಾರೆ."

ತಮ್ಮ ತಲೆಯಾಡಿಸಿದ. ಮಾಸ್ತರು ಅಪ್ಪನ ಬಾಲ್ಯದ ಗೆಳೆಯ. ಆ ಸಾವನ್ನು ಅಪ್ಪನ ಕಿವಿಗೆ ಹಾಕುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಇನ್ಸ್‌ಪೆಕ್ಟರ್ ಅಲಗಿನ ಅಂಚಿಗೆಲ್ಲ ನೀಲಿ ಶಾಯಿ ಬಳಿದರು. ಕಲ್ಲು ತಾಗಿದಲ್ಲಿ ಶಾಯಿ ಹೋಗುತ್ತದೆ, ತಾಗದಲ್ಲಿ ಉಳಿಯುತ್ತದೆ. ತಮ್ಮ ಚಪ್ಪಟೆ ಕಲ್ಲನ್ನೇ ಎಳೆದುಕೊಂಡು ನೀರು ಚಿಮುಕಿಸಿ ಮಸೆದ. ನಾಲಿಗೆ ಕಚ್ಚಿಕೊಂಡು, ಬೆವರಿಕೊಂಡು ಮಸೆದ. ಒಳಬಾಗಿದ ಮಗ್ಗುಲಲ್ಲಿ ತುದಿಗಳೆರಡೂ ಫಳಫಳ ಹೊಳೆದವು. ನಡುವಿನ ಶಾಯಿ ಹಾಗೇ ಇತ್ತು, ಕೈ ತೊಳೆಯದೆ ಊಟಕ್ಕೆ ಕೂತವನ ಬೆರಳಿನ ಹಾಗೆ.

ಅಕ್ಕ ಗೆದ್ದವಳಂತೆ ನೋಡಿದಳು. ಇನ್ಸ್‌ಪೆಕ್ಟರ್ ಮತ್ತೊಮ್ಮೆ ಮೂಗು ಒರೆಸಿಕೊಂಡರು.

"ಕುತ್ತಿಗೆಗೆ ಬಂದಾಗ ಬಾರದವನ ಹಾಗೆ ನಟಿಸೋದು ಯಾರಿಗೆ ಬರಲ್ಲ ಹೇಳಿ. ನನ್ನ ಮಗನಿಗೆ ಪರೀಕ್ಷೆ ದಿನ ಹೊಟ್ಟೆನೋವು ಬರುತ್ತೆ."

ಮಾತು ಸರಿಯಾಗಿತ್ತು. ಸರಿಯಾಗಿತ್ತೆಂದೇ ಅವಳಿಗೆ ಮೈಯೆಲ್ಲ ಉರಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ಮನುಷ್ಯ ಪೆದ್ದನಾಗಿದ್ದರೆ ಎಷ್ಟೋ ಸುಲಭವಿತ್ತು. ಸೋತು ಎದ್ದು ಹೋಗಲು ಮಾತ್ರ ಅವಳು ಬಂದಿರಲಿಲ್ಲ. ಕೊಲೆಯ ದಿನ ಬೆಳಿಗ್ಗೆ ತಮ್ಮನಿಗೂ ಮಾಸ್ತರಿಗೂ ಯಾವ ವಿಷಯಕ್ಕೆ ಜಗಳವಾಯಿತೆಂದು ನಿಮ್ಮ ಸಾಕ್ಷಿಗಳು ಹೇಳಿದ್ದಾರೆ ಎಂದು ಕೇಳಿದಳು.

ಕ್ಷೌರದ ವಿಷಯಕ್ಕೇ ಎಂದರು ಅವರು. ತಮ್ಮ ದಿನಾ ಬೆಳಿಗ್ಗೆ ಮಾಸ್ತರ ಮನೆಗೆ ಹೋಗಿ ಕ್ಷೌರ ಮಾಡಿ ಬರುತ್ತಿದ್ದ. ಗಡ್ಡ ಅಲ್ಲಲ್ಲಿ ಉಳಿಯುತ್ತದೆಂದು ಮಾಸ್ತರು ದಿನಾ ಬೈಯುತ್ತಿದ್ದರು. ಆವತ್ತು ಬೈಗುಳ ಜೋರಾಯಿತು. ಇವನು ಪೆಟ್ಟಿಗೆಯನ್ನು ಅಲ್ಲೇ ಎಸೆದು ಎದ್ದು ಬಂದ. ಸಂಜೆ ಅವರ ಹೆಣ ಸಿಕ್ಕಿತು.

"ಹೆಣದ ಫೋಟೋ ತೆಗೆದಿದ್ದೀರಲ್ಲ? ದವಡೆ ಕೆಳಗೆ ನೋಡಿ."

ಅವರು ಫೋಟೋವನ್ನು ಬೆಳಕಿಗೆ ಹಿಡಿದರು, ಭೂತಗನ್ನಡಿಯನ್ನು ಹತ್ತಿರ ತಂದರು, ದೂರ ಒಯ್ದರು. ಮಾಸ್ತರ ಎಡದವಡೆಯ ಕೆಳಗೆ ಬಿಳಿ ಗಡ್ಡದ ಸಣ್ಣದೊಂದು ಪಟ್ಟಿ ಉಳಿದಿತ್ತು.

"ಬೆಳಿಗ್ಗೆ ಆ ಕತ್ತಿಯ ನಡು ಮೊಂಡಾಗಿತ್ತು ಸಾರ್. ಅದಕ್ಕೇ ಗಡ್ಡ ಉಳಿದಿದೆ, ಅದಕ್ಕೇ ಜಗಳ ಆಗಿದೆ. ಆಗ ಇವನು ನಾಟಕ ಆಡಿದ್ದು ಯಾರಿಗೆ ತೋರಿಸೋಕೆ? ಸಂಜೆ ಅದೇ ಕತ್ತಿಗೆ ಗೆರೆ ಬಂದಿದೆ. ನಡುವೆ ಯಾರೋ ಮಸೆದಿದ್ದಾರೆ. ಅವರನ್ನ ಹುಡುಕೋದು ಬಿಟ್ಟು ನನ್ನ ತಮ್ಮನ್ನ ಹಿಡ್ಕೊಂಡು ಕೂತಿದ್ದೀರಿ."

ಇನ್ಸ್‌ಪೆಕ್ಟರ್ ಫೋಟೋವನ್ನು ಮೇಜಿನ ಮೇಲಿಟ್ಟರು. ಆಮೇಲೆ ಮೆಲ್ಲಗೆ, ಈ ಕತ್ತಿಯನ್ನು ಹೀಗೆ ಮಸೆಯಲು ಯಾರಿಗೆ ಬರುತ್ತದೆ ಎಂದು ಕೇಳಿದರು.

"ನನಗೆ."

"ಇನ್ಯಾರಿಗೆ?"

"ಅಪ್ಪನಿಗೆ ಬರ್ತಿತ್ತು. ಈಗ ಚಮಚ ಕೂಡ ಹಿಡಿಯಲ್ಲ, ನಾವೇ ತಿನ್ನಿಸ್ತೀವಿ. ನನ್ನ ಮೇಲೆ ಅನುಮಾನ ಇದ್ರೆ ಹಿಡ್ಕೊಳ್ಳಿ. ಆವತ್ತು ಬೆಳಿಗ್ಗೆಯಿಂದ ಕತ್ತಲಾಗೋವರೆಗೆ ನಾನು ಕುರ್ಚಿ ಬಿಟ್ಟು ಅಲ್ಲಾಡಿಲ್ಲ. ಬೀದಿಯ ಗಲ್ಲಗಳನ್ನೆಲ್ಲ ಕರೆಸಿ ಕೇಳಿ."

"ಕೇಳಿದ್ದೀನಿ," ಎಂದರು ಅವರು. "ನಿಮ್ಮನ್ನ ಹಿಡಿಯೋ ಹಾಗಿದ್ದಿದ್ರೆ ಹಿಡಿದಾಗಿರ್ತಿತ್ತು. ನಿಮಗೂ ಇಲ್ಲ, ನಿಮ್ಮಪ್ಪನಿಗೂ ಇಲ್ಲ ಅಂದ್ರೆ ಕತ್ತಿ ತಾನಾಗೇ ಮಸೆದುಕೊಳ್ತಾ?"

ಉತ್ತರ ಹೊಳೆಯದಿದ್ದಾಗ ಅಕ್ಕನ ಗಂಟಲು ದೊಡ್ಡದಾಗುತ್ತದೆ, ಅದು ಹುಟ್ಟುಗುಣ. ಮೇಜಿನ ಮೇಲೆ ಕೈಯೂರಿ ಎದ್ದು ನಿಂತಳು.

"ಮಸೆದವನೇ ಕೊಂದವನು ಸಾರ್. ಆ ಕೈ ಯಾರದ್ದು ಅಂತ ತೋರಿಸಿ. ನಾನೇ ಅದಕ್ಕೆ ಕೋಳ ಹಾಕ್ತೀನಿ."

ಸಂಜೆ ಅಂಗಡಿಗೇ ಬರುತ್ತೇನೆ, ಅಷ್ಟರಲ್ಲಿ ಆ ಕೈ ಯಾರದೆಂದು ಯೋಚಿಸಿಟ್ಟಿರಿ ಎಂದರು ಇನ್ಸ್‌ಪೆಕ್ಟರ್. ಅಲ್ಲಿಯವರೆಗೆ ತಮ್ಮ ಇಲ್ಲೇ ಇರಲಿ ಎಂದೂ ಸೇರಿಸಿದರು.

ಅವಳು ಅಂಗಡಿಗೆ ಬಂದಾಗ ಕುರ್ಚಿಯಲ್ಲಿ ಮಾಸ್ತರ ಅಳಿಯಂದಿರು ಪೇಪರು ಓದುತ್ತ ಕೂತಿದ್ದರು.

ಈ ಕೆಟ್ಟ ದಿನಗಳಲ್ಲಿ ದೇವರ ಹಾಗೆ ಒದಗಿದವರು ಯಾರೆಂದು ಬೀದಿಯಲ್ಲಿ ಯಾರನ್ನು ಕೇಳಿದರೂ ಅವರ ಕಡೆಗೇ ಬೆರಳು ತೋರಿಸುತ್ತಿದ್ದರು. ಕೊಲೆಯ ದಿನ ಅವರು ದೂರದ ಊರಿನಲ್ಲಿದ್ದರಂತೆ, ಸುದ್ದಿ ತಿಳಿದು ಮಾರನೆಯ ದಿನ ಓಡಿ ಬಂದವರು. ಮಾವನನ್ನು ಕಳೆದುಕೊಂಡ ದುಃಖದಲ್ಲೂ, ಈ ಹುಡುಗ ಇಂಥ ಕೆಲಸ ಮಾಡುವವನಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದ್ದರು. ವಕೀಲರನ್ನು ಗೊತ್ತು ಮಾಡಿಕೊಟ್ಟವರೂ ಅವರೇ. ಅವರ ಉಪಕಾರವನ್ನು ಹೇಗೆ ತೀರಿಸುವುದೆಂದು ಅಕ್ಕ ಎಷ್ಟೋ ಸಲ ಯೋಚಿಸಿದ್ದಳು.

"ಏನಂದ್ರು ಅಕ್ಕಾ?" ಎಂದರು ಅವರು.

ಅವಳು ನಡೆದದ್ದನ್ನೆಲ್ಲ ಹೇಳಿದಳು. ಬೆಳಿಗ್ಗೆ ಮೊಂಡಾಗಿದ್ದ ಕತ್ತಿಯನ್ನು ಸಂಜೆಯೊಳಗೆ ಯಾರೋ ಮಸೆದಿದ್ದಾರೆ, ಇನ್ಸ್‌ಪೆಕ್ಟರಿಗೂ ಅದು ಅರ್ಥವಾಗಿದೆ ಎಂದಳು. ಹೇಳುತ್ತ ಹೇಳುತ್ತ ಅವಳಿಗೇ ಉತ್ಸಾಹ ಬಂತು. ಅವರು ಪೇಪರನ್ನು ಮಡಿಸಿದರು, ಮತ್ತೆ ಬಿಚ್ಚಿ ಮತ್ತೆ ಮಡಿಸಿದರು. ಒಳ್ಳೆಯದಾಯಿತು ಎಂದರು. ನಾಳೆ ಕೋರ್ಟಿಗೆ ತಾವೂ ಬರಬೇಕು, ಗಡ್ಡ ಬೆಳೆದಿದೆ, ಒಂದು ಸಲ ಕೈಯಾಡಿಸಿಬಿಡಿ ಎಂದರು. ಹೆಬ್ಬೆರಳಿಗೆ ಸುತ್ತಿದ್ದ ಪ್ಲಾಸ್ಟರನ್ನು ಕಂಡು ಅವಳು ಏನಾಯಿತೆಂದು ಕೇಳಿದಳು. ಬರುವ ಅವಸರದಲ್ಲಿ ಸೂಟ್‌ಕೇಸಿನ ಬಾಯಿಗೆ ಸಿಕ್ಕಿಕೊಂಡಿತಂತೆ.

ಅವಳು ಬಿಳಿ ಬಟ್ಟೆ ಹೊದಿಸಿ, ನೊರೆ ಹಚ್ಚಿ, ಚಿಕ್ಕ ಡೊಂಕನನ್ನು ಬಿಚ್ಚಿದಳು. ಬಲಗೆನ್ನೆಯನ್ನು ಹೇಗೋ ತುದಿಯಲ್ಲೇ ತೆಗೆದಳು. ಗಲ್ಲದ ಹತ್ತಿರ ಅಲಗಿನ ನಡುಭಾಗ ಕೂದಲನ್ನು ಕಿತ್ತಿತು, ಅಳಿಯಂದಿರು ಹಲ್ಲು ಕಚ್ಚಿದರು. ತಮ್ಮ ಠಾಣೆಯಲ್ಲಿ ಕತ್ತಿಯನ್ನು ಕೆಡಿಸಿಟ್ಟಿದ್ದ. ಎರಡು ನಿಮಿಷ, ಮಸೆದುಕೊಂಡು ಬರುತ್ತೇನೆಂದು ಹೇಳಿ ಅಕ್ಕ ಪರದೆ ಸರಿಸಿ ಒಳಗೆ ಹೋದಳು.

ಅಂಗಡಿಯ ಬೆನ್ನಿಗೇ ಮನೆ. ಹಿತ್ತಿಲ ಬಾಗಿಲಿಗೆ ಎದುರಾಗಿ ಮಂಚದ ಮೇಲೆ ಅಪ್ಪ ಕೂತಿದ್ದ. ಮಡಿಲಲ್ಲಿ ಎರಡೂ ಕೈಗಳು ಅವನ ಅಪ್ಪಣೆ ಕೇಳದೆ ತಮ್ಮ ಪಾಡಿಗೆ ತಾವು ನಡುಗುತ್ತಿದ್ದವು. ಎಷ್ಟೋ ವರ್ಷಗಳಿಂದ ಹಾಗೇ. ಬಟ್ಟಲು ಕೊಟ್ಟರೆ ಚೆಲ್ಲುತ್ತಾನೆಂದು ಬಟ್ಟಲು ಕೊಡಲಿಲ್ಲ, ಕೊಯ್ದುಕೊಳ್ಳುತ್ತಾನೆಂದು ಕತ್ತಿ ಕೊಡಲಿಲ್ಲ. ಪ್ರೀತಿಯಿಂದಲೇ ಒಂದೊಂದಾಗಿ ಎಲ್ಲವನ್ನೂ ಆ ಕೈಗಳಿಂದ ತೆಗೆದಿಟ್ಟಿದ್ದರು.

ಅವಳು ಸಣ್ಣ ಕಲ್ಲನ್ನು ಮಂಚದ ಪಕ್ಕದ ಮಣೆಯ ಮೇಲಿಟ್ಟು, ಕತ್ತಿಯನ್ನೂ ಅಲ್ಲೇ ಇಟ್ಟು, ನೀರು ತರಲು ಹಿತ್ತಿಲಿಗೆ ಹೋದಳು. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ತಂಬಿಗೆ ಅರ್ಧ ತುಂಬುವ ಹೊತ್ತಿಗೆ ಆ ಸದ್ದು ಕೇಳಿಸಿತು.

ಸುಯ್... ಸುಯ್...

ಹುಡುಗಿಯಾಗಿದ್ದಾಗ ಆ ಸದ್ದಿಗೇ ಅವಳು ಬೆಳಿಗ್ಗೆ ಏಳುತ್ತಿದ್ದಳು. ತಂಬಿಗೆಯನ್ನು ಅಲ್ಲೇ ಬಿಟ್ಟು ಬಾಗಿಲಿಗೆ ಬಂದಳು.

ಅಪ್ಪ ಮಣೆಯ ಮುಂದೆ ಕೂತು ಮಸೆಯುತ್ತಿದ್ದ. ಅಲಗು ಓರೆಯಾಗಿ ಇಳಿಯುತ್ತಿತ್ತು, ಮಣಿಕಟ್ಟು ತೊಟ್ಟಿಲಿನಂತೆ ಹೊರಳುತ್ತಿತ್ತು. ಕೈ ನಡುಗುತ್ತಿರಲಿಲ್ಲ. ಸುಮ್ಮನೆ ಕೂತಾಗ ಗಾಳಿಗೆ ಸಿಕ್ಕ ಎಲೆಯಂತಾಗುತ್ತಿದ್ದ ಕೈ, ಕೆಲಸ ಸಿಕ್ಕ ಕೂಡಲೇ ತೆಪ್ಪಗೆ ನಿಂತಿತ್ತು.

ಅಕ್ಕನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಆ ಕೈಗೆ ಒಂದು ಚಮಚವನ್ನೂ ಕೊಡದೆ ಕೂರಿಸಿದೆವಲ್ಲ ಎಂದುಕೊಂಡಳು.

"ಇದನ್ನ ಚಪ್ಪಟೆ ಕಲ್ಲಿಗೆ ಹಾಕಿದ್ದು ನಿನ್ನ ತಮ್ಮಾನೇ ತಾನೇ?" ಎಂದ ಅಪ್ಪ, ತಲೆಯೆತ್ತದೆ. "ಮೊನ್ನೆ ಇದರ ಅಣ್ಣನಿಗೂ ಇದೇ ಗತಿ ಮಾಡಿದ್ದ. ನಾನೇ ಸರಿ ಮಾಡಿಕೊಟ್ಟೆ."

ಅವಳು ಮಣೆಯ ಮುಂದೆ ಕುಕ್ಕರಿಸಿದಳು.

"ದೊಡ್ಡ ಡೊಂಕನ್ನ ನೀನು ಮಸೆದ್ಯಾ ಅಪ್ಪಾ? ಯಾರು ತಂದುಕೊಟ್ರು?"

ಅಪ್ಪ ಸಂಕೋಚದಿಂದ ನಕ್ಕ. ಬೈಯಬಾರದು ಎಂದು ಮೊದಲೇ ಮಾತು ತೆಗೆದುಕೊಂಡು ಹೇಳಿದ. ಮಾಸ್ತರ ಅಳಿಯ ತಂದುಕೊಟ್ಟದ್ದು. ಆವತ್ತು ಮಧ್ಯಾಹ್ನ ಹಿತ್ತಿಲ ಬಾಗಿಲಿಂದ ಬಂದ. ನೀವೇ ಮಸೆದುಕೊಡಬೇಕಂತೆ, ಮಗಳಿಗೆ ಹೇಳಬಾರದಂತೆ, ಹೇಳಿದರೆ ಬಿಡುವುದಿಲ್ಲ ಅಂತ ಮಾವ ಹೇಳಿ ಕಳಿಸಿದ್ದಾರೆ ಎಂದ. ಅಪ್ಪನ ಕೈ ಕೆಲಸಕ್ಕೆ ನಿಲ್ಲುತ್ತದೆಂಬ ಗುಟ್ಟು ಮಾಸ್ತರೊಬ್ಬರಿಗೇ ಗೊತ್ತಿತ್ತು. ಚದುರಂಗ ಆಡುವಾಗ ಕುದುರೆಯನ್ನು ಎತ್ತಿಡುವ ಕೈ ಯಾವತ್ತೂ ನಡುಗುವುದಿಲ್ಲವೆಂದು ಅವರು ಕಂಡಿದ್ದರು. ಅಳಿಯನಿಗೂ ಹೇಳಿರಬೇಕು. ಎಷ್ಟೋ ವರ್ಷಗಳ ಮೇಲೆ ಒಬ್ಬರು ತನ್ನ ಕೈಯನ್ನು ಹುಡುಕಿಕೊಂಡು ಬಂದರಲ್ಲ ಎಂದು ಅಪ್ಪನಿಗೆ ಆ ರಾತ್ರಿ ನಿದ್ದೆಯೇ ಬಂದಿರಲಿಲ್ಲ.

"ಪಾಪ, ಅವನಿಗೆ ಕತ್ತಿ ಅಭ್ಯಾಸ ಇಲ್ಲ. ಹರಿತ ನೋಡ್ತೀನಿ ಅಂತ ಹೆಬ್ಬೆರಳನ್ನ ಅಂಚಿನ ಉದ್ದಕ್ಕೇ ಎಳೆದುಬಿಟ್ಟ. ಬೇಡ ಅನ್ನೋವಷ್ಟರಲ್ಲಿ ಕುಯ್ದಾಗಿತ್ತು. ಯಾಕೆ ಮಗಳೇ, ಮಾಸ್ತರು ಏನಾದ್ರೂ ಅಂದ್ರಾ? ಗೆರೆ ಸರಿ ಬಂದಿತ್ತಲ್ಲ?"

ಗೆರೆ ಸರಿಯಾಗಿ ಬಂದಿತ್ತು. ಅದು ಏನು ಕೊಯ್ದಿತೆಂದು ಅಪ್ಪನಿಗೆ ಹೇಳುವಂತಿರಲಿಲ್ಲ.

"ಚೆನ್ನಾಗಿತ್ತಪ್ಪಾ," ಎಂದಳು. ಚಿಕ್ಕ ಡೊಂಕನನ್ನು ಅವನ ಕೈಯಿಂದ ತೆಗೆದುಕೊಳ್ಳಲು ಹೋದವಳು ಕೈ ಹಿಂತೆಗೆದುಕೊಂಡಳು. ಕಿತ್ತುಕೊಂಡದ್ದು ಸಾಕಾಗಿತ್ತು. "ನೀನು ಮಸೀತಾ ಇರು. ನಾನು ಕರೆಯೋವರೆಗೆ ಆಚೆ ಬರಬೇಡ."

ಗೂಡಿನಿಂದ ಬೇರೆ ಕತ್ತಿಯೊಂದನ್ನು ತೆಗೆದುಕೊಂಡು ಪರದೆ ಸರಿಸಿದಳು. ಕನ್ನಡಿಯಲ್ಲಿ ಅಳಿಯ ಕಂಡ. ಇನ್ನು ಅವನಿಗೆ ಬಹುವಚನ ದಂಡ. ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯಲ್ಲಿ ನೊರೆ ಒಣಗುತ್ತಿತ್ತು.

ಅಕ್ಕ ಅವನ ಹಿಂದೆ ನಿಂತಳು. ಎಡದವಡೆಯ ಮೇಲೆ ಕತ್ತಿ ಇಟ್ಟು, ಒಂದೆಳೆ ಎಳೆದು, ಬಟ್ಟೆಗೆ ಒರೆಸಿದಳು.

"ಆವತ್ತು ನೀವು ಊರಲ್ಲಿರಲಿಲ್ಲ ಅಂದ್ರಿ."

"ಹೌದಲ್ಲ."

"ಹಾಗಾದ್ರೆ ನಮ್ಮಪ್ಪ ಮಸೆದ ಕತ್ತಿ ನಿಮ್ಮ ಹೆಬ್ಬೆರಳನ್ನ ಯಾವಾಗ ಕಚ್ಚಿತು?"

ಕನ್ನಡಿಯಲ್ಲಿ ಅವನ ಕಣ್ಣುಗಳು ಅವಳ ಕಣ್ಣುಗಳಿಗೆ ಸಿಕ್ಕವು. ಅವನು ಬೆಚ್ಚುತ್ತಾನೆ, ಬೆವರುತ್ತಾನೆ ಎಂದುಕೊಂಡಿದ್ದಳು. ಅವನು ಅದ್ಯಾವುದನ್ನೂ ಮಾಡಲಿಲ್ಲ. ಕತ್ತಿಯಿಂದ ಒಂಚೂರು ಕತ್ತನ್ನು ದೂರ ಮಾಡಿಕೊಂಡು, ಮಗ್ಗುಲ ಮನೆಯ ಸಮಾಚಾರ ಹೇಳುವವನಂತೆ ತಣ್ಣಗೆ ಹೇಳಿದ.

"ಠಾಣೆಯಲ್ಲಿ ಏನಂದೆ ಅಂತ ಈಗ ತಾನೇ ನೀವೇ ಹೇಳಿದ್ರಿ. ಮಸೆದವನೇ ನಮ್ಮ ಮಾವನ್ನ ಕೊಂದವನು ಅಂದ್ರಂತಲ್ಲ. ಹೋಗಿ ಹೇಳಿ. ತಮ್ಮನ್ನ ಬಿಡಿಸ್ಕೊಂಡು ಬನ್ನಿ, ಅಪ್ಪನ್ನ ಒಪ್ಪಿಸಿ ಬನ್ನಿ. ನಾನು ಬಂದಿದ್ದೆ ಅನ್ನೋಕೆ ಯಾರಿದ್ದಾರೆ? ಅರಳುಮರಳಿನ ಮುದುಕ."

ಅಕ್ಕನ ಕಿವಿಯಲ್ಲಿ ಬೆಳಿಗ್ಗೆಯ ತನ್ನದೇ ಮಾತು ಗುಂಯ್‌ಗುಟ್ಟಿತು. ಗಂಟಲು ದೊಡ್ಡದು ಮಾಡಿ ತೋಡಿದ ಗುಂಡಿಗೆ ತಾನೇ ಬಿದ್ದಿದ್ದಳು. ತಮ್ಮನನ್ನು ಉಳಿಸಲು ಕಟ್ಟಿದ ಒಂದೊಂದು ಮಾತೂ ಈಗ ಅಪ್ಪನ ಕೊರಳಿಗೆ ಹಗ್ಗವಾಗುತ್ತಿತ್ತು.

"ನಮ್ಮಪ್ಪನ ಕೈ ನಡುಗುತ್ತೆ. ಬುದ್ಧಿ ನಡುಗಲ್ಲ," ಎಂದಳು. "ನಿನ್ನನ್ನ ಬಿಡಲ್ಲ. ಅಪ್ಪನ್ನೂ ಕೊಡಲ್ಲ, ತಮ್ಮನ್ನೂ ಕೊಡಲ್ಲ. ಅದ್ಯಾರು ಕೇಳ್ತಾರೋ ಕೇಳಲಿ."

ಹೊರಗೆ ಜೀಪು ನಿಂತ ಸದ್ದಾಯಿತು. ಇನ್ಸ್‌ಪೆಕ್ಟರ್ ಸೀನುತ್ತ ಒಳಗೆ ಬಂದರು. ಕುರ್ಚಿಯಲ್ಲಿದ್ದವನನ್ನು, ಅವಳ ಕೈಯ ಕತ್ತಿಯನ್ನು ನೋಡಿ ಬಾಗಿಲಲ್ಲೇ ನಿಂತರು.

"ಯೋಚನೆ ಮಾಡಿಟ್ಟಿದ್ದೀರಾ? ಆ ಕೈ ಯಾರದ್ದು?"

ಅಕ್ಕ ಬಾಯಿ ತೆರೆಯುವ ಮೊದಲೇ ಪರದೆ ಸರಿಯಿತು.

"ನಂದು," ಎಂದ ಅಪ್ಪ.

ಪರದೆಯ ಹಿಂದೆ ಎಷ್ಟು ಹೊತ್ತಿನಿಂದ ನಿಂತಿದ್ದನೋ. ಮುಖದಲ್ಲಿ ರಕ್ತವಿರಲಿಲ್ಲ. ಕೈಯಲ್ಲಿ ಬಿಚ್ಚಿದ ಚಿಕ್ಕ ಡೊಂಕ. ಅಲಗು ಅಲ್ಲಾಡದೆ ನಿಂತಿತ್ತು.

"ಮಸೆದಿದ್ದು ನಾನು. ಕತ್ತಿ ತಂದುಕೊಟ್ಟಿದ್ದು ಈ ಅಳಿಯ. ಮಾಸ್ತರು ಇಲ್ಲ ಅನ್ನೋದನ್ನ ನನಗೆ ಯಾರೂ ಹೇಳಲಿಲ್ಲ. ಈಗ ಇವನ ಬಾಯಿಂದ ಕೇಳಿದೆ."

"ಕೇಳಿಸ್ಕೊಂಡ್ರಲ್ಲ ಸಾರ್?" ಅಳಿಯ ಬಟ್ಟೆ ಕಿತ್ತು ಏಳಲು ಹೋದ. "ತಾನೇ ಒಪ್ಪಿಕೊಂಡ. ನಾನು ಸಾಕ್ಷಿ. ಬರ್ಕೊಳ್ಳಿ."

ಅಕ್ಕ ಅವನ ಹೆಗಲ ಮೇಲೆ ಕೈಯಿಟ್ಟು ಕುರ್ಚಿಗೆ ಒತ್ತಿದಳು.

"ಕೂತ್ಕೋ. ಈ ಅಂಗಡಿಯಿಂದ ಅರ್ಧ ಗಡ್ಡದಲ್ಲಿ ಯಾರೂ ಎದ್ದು ಹೋಗಿಲ್ಲ."

ಇನ್ಸ್‌ಪೆಕ್ಟರ್ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು. ಆಮೇಲೆ ಸೊಂಟದಿಂದ ಕೋಳ ತೆಗೆದು, ಕನ್ನಡಿಯ ಮುಂದಿನ ಹಲಗೆಯ ಮೇಲೆ ಸೋಪಿನ ಬಟ್ಟಲಿನ ಪಕ್ಕದಲ್ಲಿ ಇಟ್ಟರು.

"ನೀವೇ ಹಾಕ್ತೀನಿ ಅಂದಿದ್ರಿ. ಹಾಕಿ."

ಅಪ್ಪ ಕತ್ತಿಯನ್ನು ಮಡಿಸಿ ಬೆಂಚಿನ ಮೇಲಿಟ್ಟು ಎರಡೂ ಕೈಗಳನ್ನು ಮುಂದೆ ಚಾಚಿದ. ಕೆಲಸವಿಲ್ಲದ ಕೈಗಳು ಮತ್ತೆ ನಡುಗತೊಡಗಿದವು.

ಅಕ್ಕ ಕೋಳವನ್ನು ಎತ್ತಿಕೊಂಡಳು. ಅಪ್ಪನ ಮುಂದೆ ಒಂದು ಗಳಿಗೆ ನಿಂತು, ಆ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದಳು. ತಿರುಗಿ ಬಂದು, ಪ್ಲಾಸ್ಟರು ಸುತ್ತಿದ ಹೆಬ್ಬೆರಳಿದ್ದ ಕೈಯನ್ನು ಕುರ್ಚಿಯ ತೋಳಿಗೆ ಸೇರಿಸಿ ಕೋಳವನ್ನು ಒತ್ತಿದಳು. ಕಚಕ್ ಎಂದಿತು.

ಅಳಿಯ ಕೂಗಾಡಿದ. ಬೀದಿಯ ಜನ ಬಾಗಿಲಿಗೆ ಬಂದು ಮುತ್ತಿದರು. ಇನ್ಸ್‌ಪೆಕ್ಟರ್ ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

"ಅದರ ಕೀಲಿಕೈ ನನ್ನ ಹತ್ತಿರ ಇದೆ," ಎಂದರು. "ಸಾಕ್ಷಿ ನಿಮ್ಮ ಹತ್ತಿರ ಇದೆಯಾ? ಇಲ್ಲದಿದ್ರೆ ನಾಳೆ ಈ ಕೋಳ ಯಾರ ಕೈಗೆ ಬೀಳುತ್ತೆ ಗೊತ್ತಲ್ಲ?"

"ಇದೆ," ಎಂದಳು ಅಕ್ಕ.

ಆ ಹೆಬ್ಬೆರಳಿನ ಗಾಯವೊಂದನ್ನು ಬಿಟ್ಟರೆ ಅವಳ ಹತ್ತಿರ ಇನ್ನೂ ಏನೂ ಇರಲಿಲ್ಲ.